ಕಲ್ಲು ಮಲಗಿಲ್ಲ, ನಿಂತಿದೆ

ಕಪ್ಪತಗುಡ್ಡದ ಬುಡದಿಂದ ಮುಂಡರಗಿ ಕಡೆಗೆ ಹರಡಿದ ಒಂದು ಹೊಲದಲ್ಲಿ ಗಾಳಿಯಂತ್ರಕ್ಕೆ ಬುನಾದಿ ಹಾಕುವವರಿದ್ದರು. ನೆಲದೊಳಗಿನ ಬಂಡೆಯಲ್ಲಿ ಅಲೆಗಳು ಎಷ್ಟು ವೇಗವಾಗಿ ಸಾಗುತ್ತವೆ ಎಂದು ಅಳೆದುಕೊಡುವುದು ನನ್ನ ಕೆಲಸ. 3 ಮೀಟರಿಗೊಂದರಂತೆ, ನೆಲದ ಕಂಪನವನ್ನು ಹಿಡಿಯುವ 24 ಜಿಯೋಫೋನ್‌ಗಳನ್ನು ಎರೆಮಣ್ಣಿನಲ್ಲಿ ಊರಿ, ಕಬ್ಬಿಣದ ತಟ್ಟೆಯ ಮೇಲೆ 8 ಕಿಲೋ ಸುತ್ತಿಗೆಯಿಂದ ಹೊಡೆಯುತ್ತೇವೆ. ಬೆಳಕು ಹರಿಯುವ ಮೊದಲೇ ಶುರು ಮಾಡಬೇಕು. ಗಾಳಿಯಂತ್ರಕ್ಕೆ ಆರಿಸಿದ ಜಾಗವೆಂದ ಮೇಲೆ ಅಲ್ಲಿ ಗಾಳಿ ಇದ್ದೇ ಇರುತ್ತದೆ. ಒಂಬತ್ತು ಗಂಟೆಯ ಹೊತ್ತಿಗೆ ಅದು ಜಿಯೋಫೋನ್‌ಗಳನ್ನು ಅಲುಗಾಡಿಸಿ ದಾಖಲೆಯನ್ನೆಲ್ಲ ಕಲಕಿಬಿಡುತ್ತದೆ.

ಮೊದಲ ಸಾಲನ್ನು ಹೊಲದ ಬದುವಿನ ಗುಂಟ ಹಾಕಿದೆ. ಬಂಡೆಯ ವೇಗ ಸೆಕೆಂಡಿಗೆ ಸುಮಾರು 4300 ಮೀಟರ್ ಬಂದಿತು. ಒಳ್ಳೆಯ ಗಟ್ಟಿ ಕಲ್ಲು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಅದಕ್ಕೂ ಹಿಂದಿನ ಎಷ್ಟೋ ಕೆಲಸಗಳಲ್ಲಿ ನಾನು ಅಷ್ಟಕ್ಕೇ ನಿಲ್ಲಿಸಿದ್ದೆ. ಆ ದಿನ ಸಮಯ ಉಳಿದಿದ್ದರಿಂದ ಅದೇ ನಡುಬಿಂದುವಿನಲ್ಲಿ ಅಡ್ಡಲಾಗಿ ಇನ್ನೊಂದು ಸಾಲು ಹಾಕಿದೆ. 3400 ಬಂದಿತು.

ಬಂಡೆಯ ಮೇಲ್ಮೈ ಇಳಿಜಾರಾಗಿರಬೇಕು ಎಂದುಕೊಂಡೆ. ಹಾಗಿದ್ದರೆ ಸಾಲಿನ ಒಂದು ತುದಿಯಿಂದ ಹೊಡೆದಾಗ ವೇಗ ಹೆಚ್ಚಾಗಿ, ಇನ್ನೊಂದು ತುದಿಯಿಂದ ಕಡಿಮೆಯಾಗಿ ಕಾಣಬೇಕು. ಎರಡೂ ತುದಿಗಳಿಂದ ಹೊಡೆದು ನೋಡಿದೆ. ಹೆಚ್ಚುಕಡಿಮೆ ಒಂದೇ ಸಂಖ್ಯೆ. ಇಳಿಜಾರಿನ ಮಾತು ಅಲ್ಲಿಗೆ ಮುಗಿಯಿತು.

ಹೊಲದ ಯಜಮಾನರು ದೂರದಿಂದ ನೋಡುತ್ತ ಕುಳಿತಿದ್ದರು. ಎಪ್ಪತ್ತು ದಾಟಿದವರು. "ಅಜ್ಜಾ, ಇಲ್ಲಿ ಒಳಗೆ ಎಂಥ ಕಲ್ಲು ಇದೆ?" ಎಂದು ಕೇಳಿದೆ. ಏನೂ ಹೇಳದೆ ತಮ್ಮ ಹಳೆಯ ಬಾವಿಗೆ ಕರೆದುಕೊಂಡು ಹೋದರು. ಎರಡು ಬದಿಯ ಗೋಡೆಗಳು ಚಪ್ಪಡಿ ನಿಲ್ಲಿಸಿದಂತೆ ನುಣುಪಾಗಿದ್ದವು. ಉಳಿದೆರಡು ಬದಿಗಳಲ್ಲಿ ಪದರುಗಳ ಅಂಚುಗಳು ಗರಗಸದ ಹಲ್ಲಿನಂತೆ ಚಾಚಿಕೊಂಡಿದ್ದವು. "ಇಲ್ಲಿ ಕಲ್ಲು ಮಲಗಿಲ್ಲ, ನಿಂತಿದೆ ಸಾಹೇಬರೇ. ಇದರ ಜೊತೆಗೆ ಸೀಳಿದರೆ ಸೀಳುತ್ತದೆ, ಅಡ್ಡ ಹೊಡೆದರೆ ಕೈ ನೋಯುತ್ತದೆ" ಎಂದರು.

ನಾನು ಓದಿಕೊಂಡಿದ್ದ ಟ್ರಾನ್ಸ್‌ವರ್ಸ್ ಐಸೊಟ್ರೊಪಿ ಆ ಬಾವಿಯಲ್ಲಿ ಇಳಿಬಿಸಿಲಿಗೆ ನಿಂತಿತ್ತು. ಒಂದು ಅಕ್ಷದ ಸುತ್ತ ಹೇಗೆ ತಿರುಗಿಸಿದರೂ ಗುಣ ಬದಲಾಗದ, ಆದರೆ ಅಕ್ಷದ ದಿಕ್ಕಿನಲ್ಲೇ ಬೇರೆಯಾಗುವ ವಸ್ತು ಅದು. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಖಡಕ್ ರೊಟ್ಟಿಯನ್ನು ನೆನೆಯಿರಿ: ರೊಟ್ಟಿಯ ಹರಹಿನಲ್ಲಿ ಯಾವ ಕಡೆ ಹೋದರೂ ಒಂದೇ, ರೊಟ್ಟಿಯಿಂದ ರೊಟ್ಟಿಗೆ ದಾಟುವಾಗ, ಅಂದರೆ ಅಕ್ಷದ ದಿಕ್ಕಿನಲ್ಲಿ, ಬೇರೆ. ಎಲ್ಲ ದಿಕ್ಕಿನಲ್ಲೂ ಒಂದೇ ಆಗಿರುವ ವಸ್ತುವಿಗೆ 2 ಸ್ಥಿತಿಸ್ಥಾಪಕ ಸ್ಥಿರಾಂಕಗಳು (ವಸ್ತು ಎಷ್ಟು ಬಿಗಿ ಎಂದು ಹೇಳುವ ಸಂಖ್ಯೆಗಳು) ಸಾಕು, ಯಾವ ಸಮ್ಮಿತಿಯೂ ಇಲ್ಲದ್ದಕ್ಕೆ 21 ಬೇಕು, ಇದಕ್ಕೆ 5. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಾಗಿ ಪದರುಗಳು ಮಲಗಿರುತ್ತವೆ, ಅಕ್ಷ ನೆಟ್ಟಗಿರುತ್ತದೆ. ಎಣ್ಣೆ ಹುಡುಕುವವರ ಜೇಡಿಶಿಲೆಗಳಿಗೆ ಅದು ಸರಿ. ನಮ್ಮ ಧಾರವಾಡ ಶಿಲಾಸಮೂಹದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಮಡಚಿ, ಒತ್ತಿ, ನಿಲ್ಲಿಸಲ್ಪಟ್ಟವು. ಗದಗ ಭಾಗದ ಶಿಸ್ಟ್, ಅಂದರೆ ಪದರುಪದರಾಗಿ ಸೀಳುವ ಕಲ್ಲಿನ ಪಟ್ಟಿ, ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿದೆ, ಪದರುಗಳು ಕಡಿದಾಗಿ ಎದ್ದಿವೆ. ಅಂದರೆ ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಉರುಳಿಸಿದ ಹಾಗೆ: ಇಲ್ಲಿ ಅಕ್ಷವೇ ಮಲಗಿದೆ. ನನ್ನ ಮೊದಲ ಸಾಲು ಪದರಿನ ಗುಂಟ ಹೋಗಿತ್ತು, ಎರಡನೆಯದು ಪದರುಗಳನ್ನು ದಾಟಿತ್ತು.

ಮೊದಲ ದಿನ ಅಳೆದದ್ದು ಸಾಗುವ ದಿಕ್ಕಿನಲ್ಲೇ ಅಲುಗುವ ಅಲೆಗಳನ್ನು. ಮರುದಿನ ಅಡ್ಡ ಅಲೆಗಳನ್ನು, ಅಂದರೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗುವಂಥವನ್ನು, ಅಳೆದೆವು. ದಪ್ಪ ಹಲಗೆಯ ಮೇಲೆ ಜೀಪಿನ ಚಕ್ರ ಹತ್ತಿಸಿ, ಹಲಗೆಯ ತುದಿಗೆ ಪಕ್ಕದಿಂದ ಹೊಡೆದೆವು. ವಿಚಿತ್ರವೆಂದರೆ ಈ ಸಲ ಎರಡೂ ಸಾಲುಗಳಲ್ಲಿ ವೇಗ ಬಹುತೇಕ ಒಂದೇ. ರಾತ್ರಿ ಲೆಕ್ಕ ಬರೆದು ನೋಡಿದಾಗ ತಿಳಿಯಿತು. ಪದರಿನ ಗುಂಟ ಸಾಗಿ ಪದರಿಗೆ ಅಡ್ಡ ಅಲುಗುವ ಅಲೆಗೂ, ಪದರನ್ನು ದಾಟುತ್ತ ಪದರಿನ ಗುಂಟ ಅಲುಗುವ ಅಲೆಗೂ ಸ್ಥಿರಾಂಕ ಒಂದೇ, ಆ ಐದರಲ್ಲಿ ಸಿ44 ಎಂಬುದು. ಬೇರೆಯಾಗಿ ಬಂದಿದ್ದರೆ ನನ್ನ ಅಳತೆಯನ್ನೇ ಅನುಮಾನಿಸಬೇಕಿತ್ತು. ಆ ರಾತ್ರಿಯ ಸಂತೋಷ ಇನ್ನೂ ನೆನಪಿದೆ.

ಉಳಿದ ಸ್ಥಿರಾಂಕಗಳಿಗಾಗಿ ಕೊರೆದು ತೆಗೆದ ಕಲ್ಲನ್ನು ಧಾರವಾಡಕ್ಕೆ ಒಯ್ದು, ಪ್ರಯೋಗಾಲಯವೊಂದರಲ್ಲಿ ಮೂರು ದಿಕ್ಕಿಗೆ ಕತ್ತರಿಸಿದೆ: ಪದರಿನ ಗುಂಟ, ಪದರಿಗೆ ಅಡ್ಡ, ಮತ್ತು 45 ಡಿಗ್ರಿ. ತುಂಡಿನ ಒಂದು ತುದಿಗೆ ಹಚ್ಚಿದ ತಲೆಯಿಂದ ಅಲೆ ಕಳುಹಿಸಿ, ಇನ್ನೊಂದು ತುದಿಯ ತಲೆ, ಅಂದರೆ ಗ್ರಾಹಕ, ಅದನ್ನು ಹಿಡಿಯುವವರೆಗಿನ ಸಮಯವನ್ನು ಅಳೆದೆ. ಬಿರುಕಿಲ್ಲದ ತುಂಡುಗಳಲ್ಲಿ ವೇಗ ಹೊಲದಲ್ಲಿ ಬಂದದ್ದಕ್ಕಿಂತ ಹೆಚ್ಚು, 4800 ಮತ್ತು 3900. ಇವೆರಡರ ವರ್ಗಗಳ ವ್ಯತ್ಯಾಸವನ್ನು ಚಿಕ್ಕದರ ವರ್ಗದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 0.26. ಭೂಭೌತವಿಜ್ಞಾನಿ ಥಾಮ್ಸನ್ 1986ರಲ್ಲಿ ಎಪ್ಸಿಲಾನ್ ಎಂದು ಕರೆದದ್ದು ಇದನ್ನೇ. ಅವರ ಸರಳ ಸೂತ್ರಗಳು ದುರ್ಬಲ ದಿಕ್ಕುಭೇದಕ್ಕಾಗಿ ಇರುವಂಥವು, 0.26 ದುರ್ಬಲವಲ್ಲ. ಆದ್ದರಿಂದ ಪೂರ್ಣ ಸಮೀಕರಣವನ್ನೇ ಬಿಡಿಸಿದೆ.

ಕಾಡಿಸಿದ್ದು 45 ಡಿಗ್ರಿಯ ತುಂಡು. ಸಿ13 ಎಂಬ ಐದನೆಯ ಸ್ಥಿರಾಂಕ ಅದರಿಂದಲೇ ಸಿಗಬೇಕು. 100 ಮಿಲಿಮೀಟರ್ ಉದ್ದದ ತುಂಡಿನಲ್ಲಿ ಸಂಕೇತ ಮಸುಕಾಗಿ ಬರುತ್ತಿತ್ತು, ಪ್ರತಿ ಸಲ ಬೇರೆ ಸಮಯ. ಯಂತ್ರ ಕೆಟ್ಟಿದೆ ಎಂದು ಎರಡು ದಿನ ಕಳೆದೆ. ಯಂತ್ರ ಸರಿಯಾಗಿಯೇ ಇತ್ತು. ಇಂಥ ಕಲ್ಲಿನಲ್ಲಿ ಓರೆಯಾಗಿ ಹೋಗುವ ಅಲೆಯ ಮುಖ ಒಂದು ಕಡೆ ನೋಡುತ್ತಿದ್ದರೆ ಅದರ ಶಕ್ತಿ ಪದರಿನ ಕಡೆಗೆ ವಾಲಿಕೊಂಡು ಸಾಗುತ್ತದೆ. ನನ್ನ ಕಲ್ಲಿನಲ್ಲಿ ಆ ವಾಲುವಿಕೆ ಹದಿಮೂರು ಡಿಗ್ರಿಯ ಆಸುಪಾಸು. 100 ಮಿಲಿಮೀಟರ್ ಸಾಗುವಷ್ಟರಲ್ಲಿ ಅಲೆ 20 ಮಿಲಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಗ್ರಾಹಕದ ತ್ರಿಜ್ಯ ಬರೀ 12.5. ತುಂಡನ್ನು 40 ಮಿಲಿಮೀಟರಿಗೆ ಇಳಿಸಿದೆ, ಪಕ್ಕಕ್ಕೆ ಸರಿಯುವುದು ಒಂಬತ್ತರ ಸುತ್ತ ನಿಂತಿತು, ಸಂಕೇತ ಚೂಪಾಯಿತು. ತುಂಡು ಗಿಡ್ಡವಾದರೆ ಸಮಯ ಹತ್ತು ಮೈಕ್ರೋಸೆಕೆಂಡಿಗೂ ಕಡಿಮೆ, ಹಾಗಾಗಿ ಎರಡು ತಲೆಗಳನ್ನು ನೇರವಾಗಿ ಮುಟ್ಟಿಸಿ ಯಂತ್ರದ ಸ್ವಂತ ವಿಳಂಬವನ್ನು ಮೊದಲೇ ಕಳೆಯಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ವಿವರವಾಗಿ ಬರೆದಿದ್ದೇನೆ.

ವರದಿಯಲ್ಲಿ ಎರಡು ಜಾರು ಬಿಗಿತಗಳನ್ನು (ಪಕ್ಕಕ್ಕೆ ಜಾರಿಸುವ ಒತ್ತಡಕ್ಕೆ ಕಲ್ಲು ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬ ಅಳತೆ) ಕೊಟ್ಟೆ: ಪದರಿನ ಒಳಗೆ ಸುಮಾರು 23 ಗಿಗಾಪಾಸ್ಕಲ್, ಪದರುಗಳ ನಡುವೆ 16. ಅಡಿಪಾಯದ ವಿನ್ಯಾಸಕರು ಫೋನ್ ಮಾಡಿ, "ನಮ್ಮ ಲೆಕ್ಕದಲ್ಲಿ ಒಂದೇ ಸಂಖ್ಯೆಗೆ ಜಾಗವಿದೆ, ಯಾವುದನ್ನು ಹಾಕಲಿ?" ಎಂದು ಕೇಳಿದರು. ಇವು ಬಿರುಕಿಲ್ಲದ ತುಂಡಿನ ಅಂಕಿಗಳು, ಹೊಲದ ವೇಗಕ್ಕೆ ತಕ್ಕಂತೆ ಇಳಿಸಿ ಚಿಕ್ಕದನ್ನೇ ಹಾಕಿ ಎಂದೆ. ಪದರುಗಳು ಯಾವ ದಿಕ್ಕಿಗೆ ನಿಂತಿವೆ ಎಂಬುದನ್ನು ನಕ್ಷೆಯ ಮೇಲೆ ಬಾಣ ಹಾಕಿ ಕಳುಹಿಸಿದೆ.

ಈಗ ಹೊಸ ಜಾಗಕ್ಕೆ ಹೋದರೆ ಕೇಬಲ್ ಬಿಚ್ಚುವ ಮೊದಲು ಹತ್ತಿರದಲ್ಲಿ ಹಳೆಯ ಬಾವಿ ಇದೆಯೇ ಎಂದು ಕೇಳುತ್ತೇನೆ. ದಿಕ್ಸೂಚಿ ಹಿಡಿದು ಅದರ ನುಣುಪು ಗೋಡೆಯ ದಿಕ್ಕನ್ನು ಬರೆದುಕೊಂಡು, ಒಂದು ಸಾಲನ್ನು ಅದರ ಗುಂಟ, ಇನ್ನೊಂದನ್ನು ಅಡ್ಡಲಾಗಿ ಹಾಕುತ್ತೇನೆ.