ಗೋವೆಯ ಮಳೆಗೆ ಒಗ್ಗುವ ಪುಟ್ಟ ಮನೆ: ಚಿರೆಕಲ್ಲು, ಹಂಚು, ಒಂದು ಮಳೆಗಾಲದ ತಾಳ್ಮೆ

ಬಾಗಲಕೋಟೆ, ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಗೋವೆಯಲ್ಲಿ ಸುಮಾರು 3,000. ಈ ಲೆಕ್ಕ ಗೊತ್ತಿದ್ದೂ ವಾಸ್ಕೊ, ಮಡಗಾಂವ, ಫೋಂಡಾ, ಮಾಪುಸಾ ಸುತ್ತ ಜಾಗ ಕೊಂಡ ಉತ್ತರ ಕರ್ನಾಟಕದ ನಮ್ಮವರು ಊರಿನ ಮನೆಯ ನಕ್ಷೆಯನ್ನೇ ತಂದು ಇಳಿಸುತ್ತಾರೆ: ನಾಲ್ಕು ಗೋಡೆ, ಮೇಲೆ ಸಪಾಟು ಸ್ಲ್ಯಾಬ್, ಸುತ್ತ ಪ್ಯಾರಾಪೆಟ್. ಕೆಲವೇ ಮಳೆಗಾಲಕ್ಕೆ ಸ್ಲ್ಯಾಬ್ ಬೆವರತೊಡಗುತ್ತದೆ, ಆಮೇಲೆ ಅದರ ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸುತ್ತಾರೆ. ಖರ್ಚು ಎರಡು ಮಾಡಿಗೆ (ಚಾವಣಿಗೆ), ಸುಖ ಒಂದರದ್ದು. ಮೊದಲೇ ಇಳಿಜಾರು ಮಾಡು ಕಟ್ಟಿದರೆ ಈ ತಾಪತ್ರಯವಿಲ್ಲ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 24 ಅಡಿ ಅಗಲ, 30 ಅಡಿ ಉದ್ದದ, ಒಂದೇ ಮಾಳಿಗೆಯ ಮನೆ. ಪಡಸಾಲೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು, ಮುಂದೆ ಜಗಲಿ. ಸೂರು ಸುತ್ತಲೂ ಮೂರಡಿ ಹೊರಚಾಚಿದರೆ ಮಾಡಿನ ನೆಲದಳತೆ 1,080 ಚದರಡಿ, ಅಂದರೆ 100 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವ ನೀರು ಮೂರು ಲಕ್ಷ ಲೀಟರ್, 10,000 ಲೀಟರಿನ 30 ಟ್ಯಾಂಕರ್. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮನೆಯ ಪ್ರತಿ ತೀರ್ಮಾನವನ್ನೂ ಈ 30 ಟ್ಯಾಂಕರ್ ಎಲ್ಲಿಗೆ ಹೋಗುತ್ತವೆ ಎಂದು ಕೇಳಿಕೊಂಡೇ ಮಾಡಬೇಕು.

ಜಾಗ, ಕಾಗದ

ಊರಿನಲ್ಲಿ ಉತಾರ ನೋಡುವಂತೆ ಇಲ್ಲಿ ನೋಡಬೇಕಾದದ್ದು ಫಾರ್ಮ್ 1 ಮತ್ತು 14. ಮಾಲೀಕನ ಹೆಸರು ನೋಡಿ ಮಡಚಿಡಬೇಡಿ. ಗೇಣಿದಾರರ ಹೆಸರಿನ ಅಂಕಣ, ಇತರ ಹಕ್ಕುಗಳ ಅಂಕಣ ಎರಡನ್ನೂ ಓದಿ. ಅಲ್ಲಿ ಗೇಣಿದಾರನೋ ಮುಂಡಕಾರನೋ (ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡು ಇರುವ ಹಕ್ಕುಳ್ಳವ) ಇದ್ದರೆ ವಕೀಲರ ಬಳಿ ಹೋಗುವವರೆಗೆ ಮುಂಗಡ ಕೊಡಬೇಡಿ. ಗೇಣಿ ಕಾಯ್ದೆಯಡಿ ಬಂದ ಜಮೀನನ್ನು ಕೃಷಿಯೇತರ ಕೆಲಸಕ್ಕೆ ಬಳಸುವುದನ್ನು 1991ರ ಕಾಯ್ದೆ ತಡೆಯುತ್ತದೆ. ಇನ್ನೊಂದು, ಗೋವೆಯ ನಾಗರಿಕ ಸಂಹಿತೆಯಲ್ಲಿ ಸ್ಥಿರಾಸ್ತಿ ಮಾರಲು ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು. ಹಂಚಿಕೆಯಾಗದ ಪಿತ್ರಾರ್ಜಿತವಾದರೆ ವಾರಸುದಾರರೆಲ್ಲರ ಜತೆ ಅವರ ಗಂಡ ಹೆಂಡಿರ ಸಹಿಯೂ ಬೇಕು. ವಿದೇಶದಲ್ಲಿರುವ ಒಬ್ಬ ಅಳಿಯನ ಸಹಿಗಾಗಿ ವ್ಯವಹಾರವೇ ನಿಂತುಹೋಗಬಹುದು.

ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ಜಾಗದ ವಲಯ ಯಾವುದೆಂಬ ದಾಖಲೆ, ಜಿಲ್ಲಾಧಿಕಾರಿ ಕಚೇರಿಯಿಂದ ಭೂಪರಿವರ್ತನೆಯ ಸನದು, ನಕ್ಷೆಗೆ ತಾಂತ್ರಿಕ ಒಪ್ಪಿಗೆ, ಪಂಚಾಯತಿಯ ಕಟ್ಟಡ ಪರವಾನಗಿ, ಕೊನೆಗೆ ವಾಸದ ಪ್ರಮಾಣಪತ್ರ. ಅಗ್ಗಕ್ಕೆ ಸಿಗುವ ಗದ್ದೆಯ ತುಂಡು, ಖಾಜನ್ (ಅಳಿವೆಯ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆ) ಅಂಚಿನ ತಗ್ಗು, ಗುಡ್ಡದ ಇಳಿಜಾರು ಇವುಗಳಿಂದ ದೂರವಿರಿ. ಗುಡ್ಡ ಕಡಿಯಲು, ತಗ್ಗು ತುಂಬಲು ಯೋಜನಾ ಕಾಯ್ದೆಯ 17ಎ ಕಲಮಿನಡಿ ಅನುಮತಿ ಬೇಕು. ಅನುಮತಿ ಸಿಕ್ಕರೂ ತುಂಬಿದ ಮಣ್ಣು ಕೂರಲು ವರ್ಷಗಳೇ ಬೇಕು, ಗೋಡೆ ಅಷ್ಟು ಕಾಯುವುದಿಲ್ಲ. ಜಾಗವನ್ನು ಜುಲೈಯಲ್ಲಿ ಒಮ್ಮೆ ನೋಡದೆ ಕೊಳ್ಳಬೇಡಿ.

ಪಂಚಾಂಗ (ಅಡಿಪಾಯ) ಅಕ್ಟೋಬರಿನಲ್ಲಿ

ಮಳೆ ನಿಂತ ಕೂಡಲೇ ಅಗೆತ ಶುರುವಾದರೆ ಡಿಸೆಂಬರಿಗೆ ಗೋಡೆ, ಫೆಬ್ರವರಿ ಮಾರ್ಚಿಗೆ ಮಾಡು, ಏಪ್ರಿಲಿಗೆ ಒಳಗಿನ ಗಿಲಾವು. ಮೇ 20ರ ಹೊತ್ತಿಗೆ ಹಂಚು ಹೊದಿಸಿರಲೇಬೇಕು. ಜನವರಿಯಲ್ಲಿ ಅಗೆಯಲು ಹೊರಟರೆ ಮಾಡಿಲ್ಲದ ಗೋಡೆ ಜೂನ್ ಮಳೆಯಲ್ಲಿ ನೆನೆಯುತ್ತದೆ, ಆ ತೇವ ಮುಂದಿನ ಬೇಸಿಗೆಯವರೆಗೂ ಆರುವುದಿಲ್ಲ. ಬಾವಿಗಳು ಏಪ್ರಿಲಿನಲ್ಲಿ ತಳ ಕಾಣುತ್ತವೆ, ಆದ್ದರಿಂದ ಕ್ಯೂರಿಂಗ್ ಬೇಡುವ ಕಾಂಕ್ರೀಟ್ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿಯಲಿ.

ಕೆಂಪು ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ, ಏನಿದ್ದರೂ ಮೂರಡಿಗೆ ಕಡಿಮೆ ಬೇಡ. ತಳಕ್ಕೆ ಆರಿಂಚು 1:4:8 (ಸಿಮೆಂಟು, ಉಸುಕು, ಜಲ್ಲಿಯ ಪಾಲು) ಕಾಂಕ್ರೀಟ್, ಮೇಲೆ ಕರಿಕಲ್ಲಿನ ಕಟ್ಟಡ. ಮನೆಯ ನೆಲ ಸುತ್ತಲಿನ ಮಣ್ಣಿಗಿಂತ ಎರಡಡಿ ಎತ್ತರ ಇರಲಿ. ಮುಂದಿನ ರಸ್ತೆಗೆ ಪ್ರತಿ ಸಲ ಡಾಂಬರು ಬಿದ್ದಾಗ ನಿಮ್ಮ ಅಂಗಳ ಅಷ್ಟಷ್ಟು ತಗ್ಗಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಂಚಾಂಗದ ಮೇಲೆ, ಗೋಡೆಯ ಪೂರ್ತಿ ಅಗಲಕ್ಕೆ, ಒಂದೂವರೆ ಇಂಚಿನ 1:2:4 ಕಾಂಕ್ರೀಟಿಗೆ ನೀರುತಡೆ ಪುಡಿ ಬೆರೆಸಿ ತೇವ ತಡೆಯುವ ಪಟ್ಟಿ ಹಾಕಿಸಿ. ಇದನ್ನು ಬಿಟ್ಟ ಮನೆಯಲ್ಲಿ ಎಷ್ಟು ಬಣ್ಣ ಬಳಿದರೂ ಗೋಡೆಯ ಕೆಳಗಿನ ಮೂರಡಿ ಉಬ್ಬಿ ಉದುರುತ್ತಲೇ ಇರುತ್ತದೆ.

ಈ ಮಣ್ಣಿನಲ್ಲಿ ಗೆದ್ದಲು ಬಹಳ. ಒಳಗೆ ತುಂಬಿದ ಮಣ್ಣನ್ನು ಬಡಿದು ಸಮ ಮಾಡಿದ ಮೇಲೆ, ನೆಲದ ಕಾಂಕ್ರೀಟಿಗೆ ಮೊದಲು, ಒಂದು ಲೀಟರ್ ಕ್ಲೋರ್‌ಪೈರಿಫಾಸ್ 20 ಇಸಿಗೆ 19 ಲೀಟರ್ ನೀರಿನಂತೆ ಕಲಸಿ ಚದರ ಮೀಟರಿಗೆ ಐದು ಲೀಟರ್ ಸುರಿಯಬೇಕು. ನಮ್ಮ ಅಳತೆಯ ಮನೆಗೆ 335 ಲೀಟರ್ ದ್ರಾವಣ, ಅಂದರೆ ಸುಮಾರು 17 ಲೀಟರ್ ಮೂಲ ಔಷಧ. ಬಕೆಟ್ಟಿನಲ್ಲಿ ಚಿಮುಕಿಸಿ "ಆಯ್ತು ಸಾಹೇಬ್ರ" ಎನ್ನುವವರಿಗೆ ಖಾಲಿ ಡಬ್ಬಿ ತೋರಿಸಲು ಹೇಳಿ. ಇದು ವಿಷ. ಬಾವಿಯ ಹತ್ತಿರ ಬಳಸಕೂಡದು.

ಹಾಗೆಯೇ ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಬಾವಿಗಿಂತ ಇಳಿಜಾರಿನ ಕಡೆಗಿರಲಿ. ಜಂಬಿಟ್ಟಿಗೆಯ, ಅಂದರೆ ಚಿರೆಕಲ್ಲಿನ, ನೆಲ ಜರಡಿಯಂಥದು, ಕೊಳಕು ನೀರು ಅದರೊಳಗೆ ಸರಾಗ ಹರಿಯುತ್ತದೆ. ಪಕ್ಕದ ಮನೆಯ ಬಾವಿಯನ್ನೂ ಅಳೆದು ನೋಡಿ.

ಚಿರೆಕಲ್ಲು

ಕಲ್ಲನ್ನು ಗಣಿಯಲ್ಲೇ ಆರಿಸಿ. ಹೊಸದಾಗಿ ಕೊಯ್ದ ಚಿರೆ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. ಮೂರು ತಿಂಗಳು ಒಣಗಿದ್ದು ಉತ್ತಮ, ಒಂದು ತಿಂಗಳಿಗೆ ಕಡಿಮೆಯಾದರೆ ಬೇಡ. ಬಿಳಿ ಜೇಡಿಯ ಗಂಟು ಕಂಡ ಕಲ್ಲನ್ನು ಪಕ್ಕಕ್ಕಿಡಿ. ಮಳೆಯಲ್ಲಿ ಆ ಜೇಡಿ ಕರಗಿ ತೂತು ಬೀಳುತ್ತದೆ. ಅನುಮಾನವಿದ್ದರೆ ಒಂದು ಒಣ ಕಲ್ಲನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ. ತೂಕ 12 ಶೇಕಡಕ್ಕಿಂತ ಹೆಚ್ಚಿದರೆ ಆ ಲೋಡು ಬೇಡ.

ಅಳತೆ ಗಣಿಯಿಂದ ಗಣಿಗೆ ಬೇರೆ. 15×9×7 ಇಂಚಿನ ಕಲ್ಲು, ಅರ್ಧ ಇಂಚು ಸಂದು ಎಂದಿಟ್ಟುಕೊಂಡರೆ ಒಂಬತ್ತಿಂಚು ದಪ್ಪದ ಗೋಡೆಯ 100 ಚದರಡಿಗೆ 124 ಕಲ್ಲು ಬೇಕು. 10 ಅಡಿ ಎತ್ತರದ ಹೊರಗೋಡೆ, ಒಳಗಿನ ಸುಮಾರು 50 ಅಡಿ ಗೋಡೆ, ಎರಡು ಬದಿಯ ತ್ರಿಕೋನ ಇವೆಲ್ಲ ಸೇರಿಸಿ, ಬಾಗಿಲು ಕಿಟಕಿ ಕಳೆದು, ಒಡೆಯುವ ಪಾಲು ಕೂಡಿಸಿದರೆ ಪಂಚಾಂಗದ ಮೇಲಕ್ಕೆ 2,000ದಿಂದ 2,050 ಕಲ್ಲು. ಕಟ್ಟುವ ಗಿಲಾವು ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು. 100 ಚದರಡಿಗೆ ಒಂದೂವರೆಯಿಂದ ಎರಡು ಚೀಲ ಸಿಮೆಂಟು. ಒಂದಕ್ಕೆ ಮೂರು ಹಾಕಿದರೆ ಗಟ್ಟಿ ಎಂಬುದು ತಪ್ಪು ಲೆಕ್ಕ. ಕಲ್ಲಿಗಿಂತ ಗಿಲಾವು ಗಟ್ಟಿಯಾದರೆ ಬಿರುಕು ಸಂದಿನಲ್ಲಿ ಬಿಡದೆ ಕಲ್ಲಿನಲ್ಲೇ ಬಿಡುತ್ತದೆ. ಕಟ್ಟುವ ಮೊದಲು ಕಲ್ಲನ್ನು ನೆನೆಸದಿದ್ದರೆ ಅದು ಗಿಲಾವಿನ ನೀರನ್ನೆಲ್ಲ ಹೀರಿ ಸಂದು ಪುಡಿಯಾಗುತ್ತದೆ.

ಏಳಡಿ ಎತ್ತರದಲ್ಲಿ ಮನೆ ಸುತ್ತಲೂ ಬಿಡದೆ ಲಿಂಟಲ್ ಪಟ್ಟಿ (ಬಾಗಿಲು ಕಿಟಕಿಗಳ ನೆತ್ತಿಯ ಕಾಂಕ್ರೀಟ್ ಪಟ್ಟಿ) ಓಡಲಿ. ಅದರ ಸರಳಿನ ಲೆಕ್ಕ ಇಂಜಿನಿಯರ್ ಕೊಡುತ್ತಾರೆ. ನೀವು ನೋಡಬೇಕಾದದ್ದು ಎರಡು. ಅಳಿವೆಯಿಂದ ತಂದ ಉಪ್ಪಿನ ಉಸುಕು ಸರಳನ್ನು ಒಳಗಿಂದ ತಿನ್ನುತ್ತದೆ, ಆದ್ದರಿಂದ ತೊಳೆದ ಎಂ-ಸ್ಯಾಂಡೇ ಇರಲಿ, ಸಮುದ್ರದ ಹತ್ತಿರ ಸ್ಲ್ಯಾಗ್ ಸಿಮೆಂಟು. ಮತ್ತೆ, ಚಜ್ಜಾದ ಅಡಿಯಲ್ಲಿ ತುದಿಯಿಂದ ಒಂದೂವರೆ ಇಂಚು ಒಳಗೆ ಅರ್ಧ ಇಂಚಿನ ಗೀರು ಬಿಡಿಸಿ. ನೀರು ಆ ಗೀರಿನಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯತ್ತ ಹರಿದು ಬರುವುದಿಲ್ಲ. ಗೌಂಡಿಗೆ ಹತ್ತು ನಿಮಿಷದ ಕೆಲಸ, ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ಮಾಡು, ಮನೆಯ ಅಸಲು ಖರ್ಚು

ಹಣ ಸಾಲದಾದರೆ ಕಪಾಟು ಮುಂದಕ್ಕೆ ಹಾಕಿ, ಟೈಲ್ಸ್ ಮುಂದಕ್ಕೆ ಹಾಕಿ. ಮಾಡಿನಲ್ಲಿ ಕೈ ಬಿಗಿ ಮಾಡಬೇಡಿ.

ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ. ಒಂದಡಿ ಮುಂದೆ ಹೋದರೆ ಏಳಿಂಚು ಮೇಲೇರಬೇಕು ಎಂದು ಬಡಗಿಗೆ, ವೆಲ್ಡರಿಗೆ ಹೇಳಿ. 20 ಡಿಗ್ರಿಯಲ್ಲಿ ಹಾಸಿದ ಮಂಗಳೂರು ಹಂಚು ನೋಡಲು ಚೆಂದ, ಆದರೆ ನೈಋತ್ಯದ ಗಾಳಿ ನೀರನ್ನು ಹಂಚಿನ ಸಂದಿನೊಳಗೆ ಮೇಲ್ಮುಖವಾಗಿ ನೂಕುತ್ತದೆ. 30 ಡಿಗ್ರಿಗೆ ನಮ್ಮ ಮಾಡಿನ ವಿಸ್ತೀರ್ಣ ಸುಮಾರು 1,250 ಚದರಡಿ. 100 ಚದರಡಿಗೆ 150 ಹಂಚಿನಂತೆ 1,875, ಒಡಕು ಸೇರಿ 2,000. ಮೂಲೆಹಂಚು (ಮಾಡಿನ ನೆತ್ತಿಗೆ ಹೊದಿಸುವ ಹಂಚು) 40. ಇವಲ್ಲದೆ 50 ಹಂಚು ಹೆಚ್ಚಿಗೆ ಕೊಂಡು ಹಿತ್ತಲಲ್ಲಿ ಪೇರಿಸಿಡಿ. ಮುಂದೆ ತರುವ ಹಂಚಿನ ತೋಡು, ಅಂಚು ಹಳೆಯದಕ್ಕೆ ಕೂರುವುದಿಲ್ಲ, ಮಂಗಗಳಂತೂ ನಿಮ್ಮನ್ನು ಕೇಳಿ ಹಂಚು ಒಡೆಯುವುದಿಲ್ಲ.

ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಅಂದಾಜಿನಲ್ಲಿ ಹೊಡೆಸಬೇಡಿ. ತಂದ ಹಂಚಿನಲ್ಲೇ ಹತ್ತನ್ನು ನೆಲದ ಮೇಲೆ ಒಂದಕ್ಕೊಂದು ಜೋಡಿಸಿ, ಒಮ್ಮೆ ಎಳೆದು ಒಮ್ಮೆ ಒತ್ತಿ ಅಳೆದು, ಎರಡರ ಸರಾಸರಿ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು 12½ರಿಂದ 13 ಇಂಚಿಗೆ ಬರುತ್ತದೆ. ಕಾಲು ಇಂಚು ತಪ್ಪಿದರೂ ಹತ್ತನೇ ಸಾಲಿಗೆ ಎರಡೂವರೆ ಇಂಚಿನ ವ್ಯತ್ಯಾಸ. ಕೆಳಗಿನ ಎರಡು ಸಾಲು, ಎರಡೂ ಬದಿಯ ಅಂಚು ಇವುಗಳನ್ನು ಹಂಚಿನ ಕಿವಿಯ ತೂತಿನಿಂದ ತಂತಿ ಪೋಣಿಸಿ ರೀಪಿಗೆ ಬಿಗಿಯಬೇಕು. ಗಾಳಿ ಮೊದಲು ಕೀಳುವುದು ಅವನ್ನೇ.

ಮರದ ಬದಲು ಈಗ ಕಬ್ಬಿಣದ ಪೈಪು ಹಾಕುವವರೇ ಹೆಚ್ಚು. ಒಣ ಹಂಚೇ ಐದು ಟನ್ನು, ನೆನೆದಾಗ ಇನ್ನೂ ಹೆಚ್ಚು. ಪೈಪಿನ ದಪ್ಪವನ್ನು ವೆಲ್ಡರ್ ಅಲ್ಲ, ಇಂಜಿನಿಯರ್ ಹೇಳಬೇಕು. ವೆಲ್ಡ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಪ್ರತಿ ಬೆಸುಗೆಯನ್ನೂ ಉಜ್ಜಿ ಜಿಂಕ್ ಪೇಂಟ್ ಹಚ್ಚಿಸಿ, ಪೈಪಿನ ಬಾಯಿಗಳನ್ನು ಮುಚ್ಚಿಸಿ. ಹಂಚಿನ ಕೆಳಗೆ ಸೀಲಿಂಗ್ ಹಂಚು ಹಾಕಿದರೆ ಧೂಳು, ಎಲೆ ಬೀಳುವುದಿಲ್ಲ, ಮೇ ತಿಂಗಳ ಝಳವೂ ತಗ್ಗುತ್ತದೆ. ಕಳ್ಳರ ಭಯಕ್ಕೆ ಇಳಿಜಾರು ಸ್ಲ್ಯಾಬೇ ಬೇಕೆನ್ನುವವರು ಅದರ ಮೇಲೆ ಹಂಚನ್ನು ಗಿಲಾವಿನಿಂದ ಅಂಟಿಸದೆ ರೀಪಿನ ಮೇಲೆ ಕೂರಿಸಲಿ. ಅಂಟಿಸಿದರೆ ಅಡಿಗೆ ನುಗ್ಗಿದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ.

ದೋಣಿಯನ್ನು (ಸೂರಿನ ನೀರು ಹಿಡಿಯುವ ಕಾಲುವೆಯನ್ನು) ಬಾಗಿಲ ಮೇಲೆ ಮಾತ್ರ ಇಟ್ಟರೂ ಸಾಕು. ಉಳಿದ ಕಡೆ ನೀರು ನೇರ ಬೀಳಲಿ, ಬೀಳುವ ಜಾಗಕ್ಕೆ ಮೂರೂವರೆ ಅಡಿ ಅಗಲ ಕಲ್ಲು ಹಾಸಿ ಹೊರಗೆ ಇಳಿಜಾರು, ಅದರಾಚೆ ಚರಂಡಿ. ಎಲೆ ತುಂಬಿದ ದೋಣಿ ಗೋಡೆಯನ್ನು ಹಾಳುಮಾಡುವಷ್ಟು ದೋಣಿ ಇಲ್ಲದ ಮಾಡು ಮಾಡುವುದಿಲ್ಲ.

ಒಳಗಿನ ಕೆಲಸ

ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿದ ಮನೆಯಲ್ಲಿ ಜೂನ್ ಮೊದಲ ವಾರ ನಡೆದು ನೋಡಿ. ತಂಪು ನೆಲದ ಮೇಲೆ ತೇವದ ಗಾಳಿ ಬೆವರಾಗಿ ಕೂತು ಕಾಲು ಜಾರುತ್ತದೆ. ವಯಸ್ಸಾದವರಿರುವ ಮನೆಗೆ ಒರಟು ಮೈಯ ಟೈಲ್ಸ್, ಇಲ್ಲವೇ ನಮ್ಮ ಕಲಬುರಗಿ ಕಡೆಯ ಶಹಾಬಾದಿ ಫರಸಿ ವಾಸಿ. ಕೆಂಪು ಆಕ್ಸೈಡ್ ನೆಲ ಬೇಕೆಂದರೆ ಅದನ್ನು ಬಲ್ಲ ಗೌಂಡಿ ಸಿಕ್ಕರೆ ಮಾತ್ರ. ಒಂದು ಕೋಣೆಗೆ ಬೇಕಾದ ಬಣ್ಣ, ಸಿಮೆಂಟು ಎರಡನ್ನೂ ಒಮ್ಮೆಲೇ ಒಣಗಿದ್ದಾಗಲೇ ಬೆರೆಸಿಡಬೇಕು, ಇಲ್ಲದಿದ್ದರೆ ತೇಪೆ ಹಾಕಿದಂತೆ ಕಾಣುತ್ತದೆ. ನಾಲ್ಕಡಿಗೊಂದು ಪಟ್ಟಿ ಕೊಟ್ಟು ವಿಂಗಡಿಸಿ, ಮರುದಿನದಿಂದ ಏಳು ದಿನ ನೀರು ನಿಲ್ಲಿಸಿ. ಮಧ್ಯೆ ಕಿಟಕಿ ತೆರೆದು ಗಾಳಿ ಆಡಿಸಿದರೆ ಕೂದಲೆಳೆಯ ಬಿರುಕು ಖಂಡಿತ.

ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಕಪಾಟು ಇಲ್ಲಿಗೆ ಆಗಿಬರುವುದಿಲ್ಲ, ಉಬ್ಬಿ ತಿರುಪು ಸಡಿಲುತ್ತದೆ. ಅಡುಗೆಮನೆಗೆ ಕಡಪಾ ಕಲ್ಲಿನ ಅಟ್ಟಣಿಗೆ, ಅದಕ್ಕೆ ಬಾಗಿಲು ಮಾತ್ರ 710 ಗುರುತಿನ (ನೀರು ತಡೆಯುವ) ಪ್ಲೈವುಡ್, 304 ದರ್ಜೆಯ ತುಕ್ಕು ಹಿಡಿಯದ ಸ್ಟೀಲಿನ ಕೀಲು. ಕಟ್ಟೆಯ ಎತ್ತರ 32ರಿಂದ 34 ಇಂಚು. ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆದರೆ ಇನ್ನೂ ಒಳ್ಳೆಯದು. ಪಶ್ಚಿಮದ ಗೋಡೆಗೆ ಕಪಾಟು ಒತ್ತಿ ಇಡಬೇಡಿ, ಎರಡಿಂಚು ಬಿಡಿ, ಇಲ್ಲವಾದರೆ ರೇಷ್ಮೆ ಸೀರೆಗೆ ಬೂಷ್ಟು. ಬಚ್ಚಲಿನ ಬಾಗಿಲು ಮರದ್ದು ಬೇಡ. ಗೋಡೆ ತೇವವಾಗುವ ಊರಾದ್ದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಇಲ್ಲದೆ ವಿದ್ಯುತ್ ಸಂಪರ್ಕ ಬೇಡವೇ ಬೇಡ.

ಬಣ್ಣ? ಮೊದಲ ವರ್ಷ ಬೇಡ. ಗೃಹಪ್ರವೇಶಕ್ಕೆ ಒಳಗೆ ಸುಣ್ಣ ಬಳಿದು ಒಂದು ಮಳೆಗಾಲ ಕಳೆಯಿರಿ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ. ಜುಲೈ ಆಗಸ್ಟಿನಲ್ಲಿ ಎಲ್ಲೆಲ್ಲಿ ತೇವದ ಕಲೆ ಕಂಡಿತೆಂದು ಪೆನ್ಸಿಲಿನಿಂದ ಸುತ್ತು ಹಾಕಿ ತಾರೀಕು ಬರೆದಿಡಿ. ಕಲೆ ಮೇಲಿಂದ ಇಳಿದಿದ್ದರೆ ಹಂಚು ಅಥವಾ ಮೂಲೆಹಂಚಿನ ಗಿಲಾವು, ಕಿಟಕಿಯ ಮೂಲೆಯಲ್ಲಾದರೆ ಚಜ್ಜಾ, ಕೆಳಗಿಂದ ಏರಿದ್ದರೆ ಹೊರಗಿನ ಮಣ್ಣು ಪಂಚಾಂಗದ ಪಟ್ಟಿಗಿಂತ ಮೇಲೇರಿದೆ. ಅಕ್ಟೋಬರಿನಲ್ಲಿ ಅವನ್ನು ಸರಿಪಡಿಸಿ, ಡಿಸೆಂಬರಿನ ಒಣ ಗೋಡೆಗೆ ಬಣ್ಣ ಹಚ್ಚಿ. ಹೊರಗೆ ಚಿರೆಕಲ್ಲು ಹಾಗೇ ಕಾಣಬೇಕೆಂದರೆ ವಾರ್ನಿಷ್ ಬಳಿಯಬೇಡಿ. ಅದು ತೇವವನ್ನು ಒಳಗೇ ಕಟ್ಟಿಹಾಕಿ ಬಿಳಿ ಉಪ್ಪು ಹೊಮ್ಮಿಸಿ ಸಿಪ್ಪೆಯಾಗಿ ಏಳುತ್ತದೆ. ಸಿಲೇನ್-ಸಿಲಾಕ್ಸೇನ್ ದ್ರವ ಎರಡು ಕೈ ಹೊಡೆದರೆ ಕಲ್ಲಿನ ಬಣ್ಣ ಉಳಿದು ನೀರು ಜಾರುತ್ತದೆ. ಕಲ್ಲು ಮತ್ತೆ ನೀರು ಕುಡಿಯತೊಡಗಿದಾಗ ಇನ್ನೊಮ್ಮೆ.

ಅಲಂಕಾರಕ್ಕೆ ದುಡ್ಡು ಉಳಿದಿದ್ದರೆ ಮುಂಬಾಗಿಲ ಸುತ್ತ ಅಂಗೈಯಗಲದ ಕಾವಿ ಪಟ್ಟಿ ಮಾಡಿಸಿ. ಗೋವೆಯ ಮತ್ತು ಉತ್ತರ ಕನ್ನಡದ ದೇವಸ್ಥಾನಗಳಲ್ಲಿ ಕಾಣುವ ಕೆಂಪು ಬಿಳುಪಿನ ಕೆಲಸವದು: ಹಸಿ ಸುಣ್ಣದ ಗಾರೆಯ ಮೇಲೆ ಹುರಮಂಜಿನ (ಕೆಂಪು ಮಣ್ಣಿನ) ಲೇಪ ಕೊಟ್ಟು, ಆರುವ ಮೊದಲೇ ಚೂಪಾದ ಲೋಹದ ಮೊನೆಯಿಂದ ಗೀರಿ ಕೆಳಗಿನ ಬಿಳಿಯನ್ನು ಹೊರತರುವುದು. ಸಿಮೆಂಟಿನ ಮೇಲೆ ಬಣ್ಣದಲ್ಲಿ ಬರೆದದ್ದು ಕಾವಿಯಲ್ಲ, ಹೆಚ್ಚು ದಿನ ನಿಲ್ಲುವುದೂ ಇಲ್ಲ. ಗೌಂಡಿ ಒಂದು ಸಲಕ್ಕೆ ಎರಡಡಿಯಷ್ಟೇ ಗಾರೆ ಹಾಕಲಿ, ಬೆಳಗಿನ ಹೊತ್ತು, ಜಗಲಿಯ ನೆರಳಿನಲ್ಲಿ.