ಅಂಗುಸ್ತಾನದಂಥ ಉಗುರು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ ಇದೆ. ಜಂಪರ್, ಚೂಡಿದಾರ, ಸೀರೆಗೆ ಫಾಲು, ಪಿಕೋ. 2019ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕತ್ತರಿ ಹಿಡಿಯೊಳಗೆ ನನ್ನ ಬಲಗೈ ನಡುಬೆರಳು ತೂರಲಿಲ್ಲ. ಹಿಂದಿನ ರಾತ್ರಿ ತೂರಿತ್ತು. ಬುಡದಿಂದ ತುದಿವರೆಗೆ ಬೆರಳು ಒಂದೇ ಸಮ ಊದಿ, ಎಣ್ಣೆಯಲ್ಲಿ ಉಬ್ಬಿದ ಮಿರ್ಚಿ ಭಜಿ ಥರ ಆಗಿತ್ತು.

ಅದಕ್ಕೂ ಕೆಲವು ತಿಂಗಳ ಮೊದಲಿನಿಂದ ಹಿಮ್ಮಡಿ ನೋಯುತ್ತಿತ್ತು. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಜಾಲಿಮುಳ್ಳು ಚುಚ್ಚಿದ ಹಾಗೆ. ಮಿಷನ್ನಿನ ಪೆಡಲ್ ತುಳಿದು ತುಳಿದು ಹೀಗಾಗಿದೆ ಅಂದುಕೊಂಡೆ. ಬೆರಳಿಗೂ ಹಿಮ್ಮಡಿಗೂ ಸಂಬಂಧ ಇರಬಹುದು ಅಂತ ಯಾರಿಗೆ ಹೊಳೆಯುತ್ತೆ? ತಲೆಯಲ್ಲಿ ಎಂಟು ವರ್ಷದಿಂದ ಏಳುತ್ತಿದ್ದ ಹೊಟ್ಟಿಗೂ ಇವೆರಡಕ್ಕೂ ಸಂಬಂಧ ಇದೆ ಅಂತ ಅಂದುಕೊಳ್ಳುವುದಂತೂ ದೂರದ ಮಾತು. ಅದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಅಂತ ಗೊತ್ತಿತ್ತು. ಕೂದಲು ಮುಚ್ಚುತ್ತಿತ್ತು, ನಾನೂ ಸುಮ್ನೆ ಇದ್ದೆ.

ಮನೆಯಲ್ಲಿ ಅವ್ವನಿಗೆ ಮೊದಲೇ ಮೊಣಕಾಲು ನೋವು. 'ನಂದೂ ಹಿಂಗ ಶುರು ಆಗಿತ್ತು ನೋಡವಾ. ಕೆಲಸ ಕಡಿಮಿ ಮಾಡು, ಕೈಗೆ ಆರಾಮ ಕೊಡು' ಅಂದಳು. ಅವಳ ಮುಲಾಮನ್ನೇ ನಾನೂ ಹಚ್ಚಿದೆ. ಅವಳ ಹಾಗೆಯೇ ಮಲಗಿ ಆರಾಮ ತಗೊಂಡೆ. ಮಲಗಿ ಎದ್ದಷ್ಟೂ ಕೈ ಹೆಚ್ಚು ಬಿಗಿಯುತ್ತಿತ್ತು. ನನ್ನ ದೊಡ್ಡ ತಪ್ಪು ಇದೇ. ಅವ್ವನ ನೋವಿನ ಉಪಚಾರವನ್ನು ನನ್ನ ನೋವಿಗೆ ಹಾಕಿ ಎರಡು ವರ್ಷ ಕಳೆದೆ.

ಒಬ್ಬ ಡಾಕ್ಟರು ಸಂಧಿವಾತ ಇದೆಯಾ ಅಂತ ನೋಡಲು ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತದ ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು. 'ವಾತ ಏನಿಲ್ಲ, ಸವೆತ' ಅಂದು ನೋವಿನ ಗುಳಿಗೆ ಬರೆದರು. ಆಮೇಲೆ ತಿಳಿದದ್ದು, ನನ್ನ ಥರದ ಸಂಧಿವಾತದಲ್ಲಿ ಆ ಟೆಸ್ಟ್ ಸಾಮಾನ್ಯವಾಗಿ ನೆಗೆಟಿವ್ವೇ ಬರುತ್ತದೆ. ನೋವು ತಡೆಯದೆ ಒಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟ ಸಣ್ಣ ಬಿಳಿ ಗುಳಿಗೆ ನುಂಗಿದೆ. ಹದಿನೈದು ದಿನ ಸ್ವರ್ಗ. ಬಿಟ್ಟ ಮೇಲೆ ಮೊಣಕೈ, ಬೆನ್ನು, ಹೊಕ್ಕಳ ಸುತ್ತ ಚರ್ಮ ಕೆಂಪಗೆ ಎದ್ದು ಪದರ ಪದರ ಉದುರತೊಡಗಿತು. ಅದು ಸ್ಟೀರಾಯ್ಡ್ ಆಗಿತ್ತು. ಸೋರಿಯಾಸಿಸ್ ಇದ್ದವರು ಸ್ಟೀರಾಯ್ಡ್ ಗುಳಿಗೆ ತಗೊಂಡು ಒಮ್ಮೆಲೇ ಬಿಟ್ಟರೆ ಚರ್ಮ ಹೀಗೆ ಕೆರಳಬಹುದಂತೆ.

ಒಂದು ರೀತಿಯಲ್ಲಿ ಅದೇ ದಾರಿ ತೋರಿಸಿತು. ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಬೆನ್ನು ನೋಡುವ ಮೊದಲು ಕೈ ಚಾಚಲು ಹೇಳಿ ಉಗುರು ನೋಡಿದರು. ಉಗುರಿನ ಮೇಲೆ ಸೂಜಿ ಮೊನೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳು. ನಾನೂ ದಿನಾ ನೋಡುತ್ತಿದ್ದೆ, ಸೂಜಿ ಕೆಲಸದಿಂದ ಆಗಿದೆ ಅಂದುಕೊಂಡಿದ್ದೆ. 'ಅಂಗುಸ್ತಾನ ಹಾಕ್ತೀರಲ್ಲ, ಅದರ ಮೈ ಹೆಂಗಿರ್ತದ? ಹಂಗ ಐತಿ ನಿಮ್ಮ ಉಗುರು' ಅಂದರು. ಅಂಗುಸ್ತಾನ ಅಂದರೆ ಸೂಜಿ ಚುಚ್ಚದ ಹಾಗೆ ಬೆರಳ ತುದಿಗೆ ಹಾಕುವ, ಮೈತುಂಬ ಕುಳಿ ಇರುವ ಟೊಪ್ಪಿಗೆ. ಕೂಡಲೇ ಬೆಳಗಾವಿಯ ಸಂಧಿವಾತದ ಡಾಕ್ಟರಿಗೆ ಚೀಟಿ ಬರೆದರು.

ಬೆಳಗಾವಿಗೆ ಅವ್ವನನ್ನೂ ಕರಕೊಂಡು ಹೋದೆ, ಅವಳ ಕಾಲನ್ನೂ ತೋರಿಸೋಣ ಅಂತ. ಡಾಕ್ಟರು ನಮ್ಮಿಬ್ಬರ ಕೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದರು. ಇಬ್ಬರಿಗೂ ತೊಂದರೆ ಇದ್ದದ್ದು ಬೆರಳಿನ ಕೊನೆಯ ಗಿಣ್ಣಿನಲ್ಲೇ. ಆದರೆ ಅವ್ವನ ಗಿಣ್ಣಿನ ಗಂಟು ಒತ್ತಿದರೆ ಕಲ್ಲು, ಚರ್ಮದ ಕೆಳಗೆ ಹುಣಸೆಬೀಜ ಇಟ್ಟ ಹಾಗೆ. ಅದು ಎಲುಬೇ ಬೆಳೆದದ್ದು. ಉಗುರು ನುಣ್ಣಗೆ. ನನ್ನದು ಮೆತ್ತಗೆ, ಬಿಸಿ, ಕೆಂಪು. ಪಕ್ಕದಲ್ಲೇ ಹಾಳಾದ ಉಗುರು. ಎಕ್ಸ್‌ರೇಯಲ್ಲೂ ಹಾಗೆಯೇ. ಅವ್ವನ ಮೊಣಕಾಲಲ್ಲಿ ಎರಡು ಎಲುಬಿನ ನಡುವಿನ ಸಂದು ಕಿರಿದಾಗಿತ್ತು, ಅಂಚಿಗೆ ಎಲುಬು ಮುಳ್ಳಿನ ಹಾಗೆ ಚಾಚಿತ್ತು. ನನ್ನ ಬೆರಳ ಗಿಣ್ಣಿನ ಅಂಚನ್ನು ಇಲಿ ಕಡಿದ ಹಾಗಿತ್ತು.

ಅವ್ವನದು ಆಸ್ಟಿಯೋಆರ್ಥ್ರೈಟಿಸ್. ಕೀಲಿನೊಳಗಿನ ಮೆತ್ತೆ ವಯಸ್ಸು, ಭಾರ, ಹಳೆಯ ಪೆಟ್ಟು ಇತ್ಯಾದಿಗಳಿಂದ ಸವೆಯುತ್ತದೆ. ನನ್ನದು ಸೋರಿಯಾಟಿಕ್ ಆರ್ಥ್ರೈಟಿಸ್. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ವೈರಿ ಅಂದುಕೊಂಡು ಚರ್ಮ, ಕೀಲು, ಎಲುಬಿಗೆ ಸ್ನಾಯುವಿನ ನಾರು ಅಂಟಿಕೊಳ್ಳುವ ಜಾಗಗಳ ಮೇಲೆ ಏರಿ ಬರುತ್ತದೆ. ಹಿಮ್ಮಡಿ ಅಂಥದ್ದೊಂದು ಜಾಗ. ಪಾಪ, ಪೆಡಲ್ಲನ್ನು ಸುಮ್ನೆ ಬೈದಿದ್ದೆ. ಸೋರಿಯಾಸಿಸ್ ಇರುವ ನೂರರಲ್ಲಿ 20–30 ಜನರಿಗೆ ಹೀಗಾಗಬಹುದಂತೆ. ಹೆಚ್ಚಿನವರಿಗೆ ಚರ್ಮದ ತೊಂದರೆ ಮೊದಲು ಬಂದು, ಎಷ್ಟೋ ವರ್ಷಗಳ ಮೇಲೆ ಕೀಲಿಗೆ ಬರುತ್ತದೆ.

ವ್ಯತ್ಯಾಸ ತಿಳಿಯಲು ನಮ್ಮ ಮನೆಯ ಒಂದು ದಿನ ನೋಡಿದರೆ ಸಾಕು. ಬೆಳಿಗ್ಗೆ ಅವ್ವ ಗೋಡೆ ಹಿಡಿದು ಏಳುತ್ತಾಳೆ, ನಾಲ್ಕು ಹೆಜ್ಜೆ ಹಾಕಿದರೆ ಕಾಲು ಸಡಿಲ. ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಇರುತ್ತಾಳೆ. ನಾನಾದರೆ ಏಳಕ್ಕೆ ಎದ್ದರೆ ನಲ್ಲಿ ತಿರುವಲು ಕೈ ಬರುವುದು ಒಂಬತ್ತಕ್ಕೆ. ಸಂಜೆಗೆ ತಿರುವುಮುರುವು. ಗುಡಿ ಮೆಟ್ಟಿಲು ಹತ್ತಿ ಬಂದ ಅವ್ವ 'ಇನ್ನ ಆಗೂದಿಲ್ಲ' ಅಂತ ಕಾಟ್‌ ಮೇಲೆ ಕೂರುತ್ತಾಳೆ, ನಾನು ಆಗ ಜಂಪರ್ ಕತ್ತರಿಸುತ್ತಿರುತ್ತೇನೆ. ಅವಳಿಗೆ ಓಡಾಡಿದರೆ ನೋವು ಜಾಸ್ತಿ, ನನಗೆ ಕೂತರೆ ಜಾಸ್ತಿ.

ಹಾಗಾಗಿ ಈಗ ಎದ್ದ ಕೂಡಲೇ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಹತ್ತು ನಿಮಿಷ ಬೆರಳು ಮಡಚಿ ಬಿಡಿಸುತ್ತೇನೆ. ಕತ್ತರಿ ಕೆಲಸ ಹನ್ನೊಂದರ ನಂತರ. ಮಿಷನ್ನಿಗೆ ಮೋಟರ್ ಕೂರಿಸಿದೆ. ಕತ್ತರಿಯ ಹಿಡಿಗೆ ಹಳೆ ಸೀರೆ ಅಂಚು ಸುತ್ತಿ ದಪ್ಪ ಮಾಡಿಕೊಂಡೆ. ಕಾಜಾ, ಗುಂಡಿ ಹೊರಗೆ ಕೊಡುತ್ತೇನೆ.

ಆದರೆ ಇವೆಲ್ಲ ನೋವು ಹಗುರ ಮಾಡುವ ಉಪಾಯ ಅಷ್ಟೇ. ಎಲುಬು ತಿನ್ನುವುದನ್ನು ತಡೆಯಲು ಔಷಧಿಯೇ ಬೇಕು. ನನಗೆ ಮೆಥೊಟ್ರೆಕ್ಸೇಟ್ ಅನ್ನುವ, ರೋಗನಿರೋಧಕ ಶಕ್ತಿಯ ಆ ದಾಳಿ ತಗ್ಗಿಸುವ ಗುಳಿಗೆ ಕೊಟ್ಟರು. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೇ ಕ್ಯಾಲೆಂಡರ್‌ನ ಭಾನುವಾರಗಳಿಗೆ ಕೆಂಪು ಮಾರ್ಕಿಂಗ್ ಚಾಕಿನಿಂದ ಗೆರೆ ಎಳೆದಿದ್ದೇನೆ. ಬೇರೆ ದಿನ ಫೋಲಿಕ್ ಆಸಿಡ್. ಸೋಮವಾರ ಹೊಟ್ಟೆ ತೊಳಸುತ್ತದೆ, ಆ ದಿನ ಅಳತೆ ತಗೊಳ್ಳುವುದು ಮಾತ್ರ. ಲಿವರ್‌ ಮತ್ತು ರಕ್ತದ ಟೆಸ್ಟನ್ನು ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಬೇಕು. ಬಸುರಿಯರು ಇದನ್ನು ತಗೊಳ್ಳುವಂತಿಲ್ಲ. ಫಲ ಕಾಣಲು ನನಗೆ ಎರಡೂವರೆ ತಿಂಗಳು ಹಿಡಿಯಿತು, ಅಷ್ಟರಲ್ಲಿ ಮೂರು ಸಲ ಬಿಟ್ಟುಬಿಡೋಣ ಅನಿಸಿತ್ತು. ಇದು ಸಾಲದಿದ್ದರೆ ಅದೇ ದಾಳಿಯನ್ನು ಗುರಿಯಿಟ್ಟು ತಡೆಯುವ ಬಯಾಲಾಜಿಕ್ ಇಂಜೆಕ್ಷನ್ ಇದೆ, ಅದಕ್ಕೂ ಮೊದಲು ಟಿಬಿ ಇದೆಯಾ ಅಂತ ನೋಡುತ್ತಾರೆ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲು ಆಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅಂತಲೂ ಹೇಳಿದ್ದಾರೆ. ಈ ಕಾಯಿಲೆ ಕಣ್ಣಿಗೂ ಬರುವುದುಂಟು.

ಅವ್ವನಿಗೆ ಇಂಥ ಗುಳಿಗೆ ಯಾವುದೂ ಇಲ್ಲ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ತೂಕ ಇಳಿಸುವುದು, ಕುಕ್ಕರುಗಾಲಲ್ಲಿ ಕೂರದಿರುವುದು. ರೊಟ್ಟಿ ಬಡಿಯುವ ಜಾಗ ನೆಲದಿಂದ ಕಟ್ಟೆಗೆ ಏರಿತು. ನನ್ನ ಗುಳಿಗೆ ಡಬ್ಬಿ ನೋಡಿ 'ನನಗೂ ಒಂದು ಕೊಡ' ಅಂದಿದ್ದಳು. ಅವತ್ತಿನಿಂದ ಡಬ್ಬಿ ಕಪಾಟಿನ ಮೇಲಿದೆ.

ಊಟದ ವಿಷಯದಲ್ಲಿ ಊರೆಲ್ಲ ಡಾಕ್ಟರೇ. ಬದನೆಕಾಯಿ ವಾಯು ಅಂದರು ಅಂತ ಆರು ತಿಂಗಳು ಎಣ್ಣೆಗಾಯಿ ಬಿಟ್ಟೆ. ನನಗೆ ಒಂದಿಷ್ಟೂ ಫರಕು ಕಾಣಲಿಲ್ಲ, ಮತ್ತೆ ತಿನ್ನುತ್ತಿದ್ದೇನೆ. ತೂಕ ಐದು ಕಿಲೋ ಇಳಿದಾಗ ಮಾತ್ರ ಹಿಮ್ಮಡಿಗೆ ಗೊತ್ತಾಯಿತು. ಇನ್ನೊಂದು ಕಿರಿಕಿರಿ ಗಿರಾಕಿಗಳದ್ದು. ಮೊಣಕೈ ನೋಡಿ ಒಬ್ಬಾಕೆ 'ಅಂಟುಜಾಡ್ಯ ಅಲ್ಲಲ್ರೀ ಅಕ್ಕಾರ?' ಅಂದಳು, ಖಣ ನನ್ನ ಕೈಗೆ ಕೊಡದೆ ಟೇಬಲ್ ಮೇಲಿಟ್ಟು. ಅಂಟುವುದಿಲ್ಲ ಅಂದೆ. ಖಣ ವಾಪಸ್ ತಗೊಂಡು ಹೋದಳು. ದಸರೆಗೆ ಎರಡು ಖಣ ಹಿಡಿದು ಬಂದಳು, ಬೇರೆ ಟೇಲರ್ ತೋಳು ಕೆಡಿಸಿದ್ದಳಂತೆ.

ನಡುಬೆರಳ ಕೊನೆ ಗಿಣ್ಣು ಸ್ವಲ್ಪ ಬಾಗಿಯೇ ಉಳಿಯಿತು. ಆ ಎರಡು ವರ್ಷದಲ್ಲಿ ಆದದ್ದು ವಾಪಸ್ ಬರುವುದಿಲ್ಲ ಅಂದಿದ್ದಾರೆ. ಹಳೆಯ ಅಂಗುಸ್ತಾನ ಅದಕ್ಕೆ ಹತ್ತುವುದಿಲ್ಲ. ಉಂಗುರದ ಬೆರಳಿಗೆ ಹಾಕಿ ಹೆಮ್ಮಿಂಗ್ ಮಾಡುತ್ತೇನೆ. ಹೊಲಿಗೆ ಒಂದೆಳೆ ಸೊಟ್ಟ ಬೀಳುತ್ತದೆ, ಗಿರಾಕಿಗಳು ಇನ್ನೂ ಗುರುತು ಹಿಡಿದಿಲ್ಲ.