ಟಿಕೆಟ್‌ನಲ್ಲಿ ಎರಡೂ ಮುಕ್ಕಾಲು ಗಂಟೆ, ಹಾಸನದವರಿಗೆ ಇಡೀ ದಿನ

ಮಗಳು ದೆಹಲಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಾಸನದಿಂದ ಅಲ್ಲಿಗೆ ನಾಲ್ಕೈದು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ವಿಮಾನ ತಪ್ಪಿಸಿಕೊಂಡೆ. ತಪ್ಪು ಪೂರ್ತಿ ನನ್ನದೇ.

ವಿಮಾನ ಮಧ್ಯಾಹ್ನ ಒಂದಕ್ಕೆ. ಬೆಂಗಳೂರಿಗೆ ಮೂರೂವರೆ ಗಂಟೆ ಸಾಕಲ್ವಾ ಅಂತ ಆರಾಮಾಗಿ ತಿಂಡಿ ತಿಂದು ಎಂಟಕ್ಕೆ ಬಾಡಿಗೆ ಕಾರು ಹತ್ತಿದೆ. ನನ್ನ ಲೆಕ್ಕದಲ್ಲಿ ಬೆಂಗಳೂರು ಅಂದರೆ ನೆಲಮಂಗಲ! ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ನಿಲ್ದಾಣ ಮುಟ್ಟುವಾಗ 12.20. ಚೆಕ್-ಇನ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚಿತ್ತು. ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ, ಎದುರಿಗೆ ತಲೆ ಅಲ್ಲಾಡಿಸುವ ಹುಡುಗಿ. "ಸಾರಿ ಅಂಕಲ್, ಸಿಸ್ಟಮ್ ತಗೊಳ್ಳಲ್ಲ" ಅಂದಳು. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಧ ಡಬ್ಬಿ ಖಾಲಿ ಮಾಡಿದೆ.

ಆಮೇಲೆ ಸರಿಯಾಗಿ ಲೆಕ್ಕಕ್ಕೆ ಕೂತೆ. ಮಗಳ ಹಳೇ ಅಟ್ಲಾಸ್ ತೆಗೆದರೆ ಬೆಂಗಳೂರು, ದೆಹಲಿ ಎರಡೂ 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲೇ ಇವೆ, ಒಂದರ ನೆತ್ತಿಗೆ ಇನ್ನೊಂದು. ಹಾಗಾಗಿ ಅಕ್ಷಾಂಶ ಕಳೆದರೆ ಸಾಕು. ಕೆಂಪೇಗೌಡ ನಿಲ್ದಾಣ 13.2, ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 28.6. ವ್ಯತ್ಯಾಸ 15.4. ಡಿಗ್ರಿಗೆ 111 ಕಿ.ಮೀ.ನಂತೆ 1,700 ಚಿಲ್ಲರೆ ಬಂತು. ಕರ್ನಾಟಕ ಎಕ್ಸ್‌ಪ್ರೆಸ್ ಸುತ್ತಿ ಬಳಸಿ ಸುಮಾರು 2,400 ಕಿ.ಮೀ. ಓಡುತ್ತದೆ.

ಮೇಲೆ ಹೋದ ವಿಮಾನದ ವೇಗ ಗಂಟೆಗೆ 800-850 ಕಿ.ಮೀ. ಅಂದರೆ ಎರಡು ಗಂಟೆಗೆ ಒಂದಿಷ್ಟು ಜಾಸ್ತಿ. ಮತ್ತೆ ಟಿಕೆಟ್‌ನಲ್ಲಿ ಎರಡೂ ಮುಕ್ಕಾಲು ಯಾಕೆ? ಇಲ್ಲಿ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕ ಎಣಿಸುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ನಿಧಾನಕ್ಕೆ ಏರುವುದು, ಇಳಿಯುವುದು ಎಲ್ಲಾ ಅದರೊಳಗೇ. ದೆಹಲಿಯಲ್ಲಿ ಒಮ್ಮೆ ನೆಲ ಮುಟ್ಟಿದ ಮೇಲೂ ಇಪ್ಪತ್ತು ನಿಮಿಷ ಸುಮ್ನೆ ಉರುಳುತ್ತಲೇ ಇದ್ದೆವು.

ಈಗ ವಿಮಾನದ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತೇನೆ. ಎರಡು ಗಂಟೆ ನಿಲ್ದಾಣಕ್ಕೆ, ಐದು ಗಂಟೆ ರಸ್ತೆಗೆ. ಯಡಿಯೂರಿನ ಕಾಫಿಯೂ ಅದರಲ್ಲೇ ಸೇರಿತು. ನೆಲಮಂಗಲದಿಂದ ಸಿಟಿಯೊಳಗೆ ನುಗ್ಗದೆ ದೊಡ್ಡಬಳ್ಳಾಪುರದ ಕಡೆ ತಿರುಗುತ್ತೇನೆ. ಮಧ್ಯಾಹ್ನ ಒಂದರ ವಿಮಾನಕ್ಕೆ ಬೆಳಿಗ್ಗೆ ಆರಕ್ಕೇ ಮನೆ ಬಿಡಬೇಕು. ಮಗಳ ಮನೆ ಬಾಗಿಲು ತಟ್ಟುವಾಗ ಸಂಜೆ ಆರು.

"ಮಂಗಳೂರು ಹತ್ತಿರ ಅಲ್ವಾ?" ಅಂತ ನೆಂಟರು ಕೇಳುತ್ತಾರೆ. ಕಿಲೋಮೀಟರ್ ನೋಡಿದರೆ ಹತ್ತಿರವೇ. ಆದರೆ ನಡುವೆ ಶಿರಾಡಿ ಘಾಟಿ ಇದೆ. 2024ರ ಜುಲೈನಲ್ಲಿ ಸಕಲೇಶಪುರದಾಚೆ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ನೆನಪಿದೆ. ಬೇಸಿಗೆಯಲ್ಲಾದರೆ ಮಂಗಳೂರಿನ ಬಜ್ಪೆ ನಿಲ್ದಾಣ ಸರಿ, ಮಳೆಗಾಲದಲ್ಲಿ ನಾನಂತೂ ಆ ಕಡೆ ಟಿಕೆಟ್ ಮಾಡಿಸುವುದಿಲ್ಲ.

ವಾಪಸ್ ಬರಲು ಬೆಳಗಿನ ವಿಮಾನವೇ ಆಗಬೇಕು. ಸಂಜೆ ಇಳಿದರೆ ಹಾಸನ ಮುಟ್ಟುವುದು ನಡುರಾತ್ರಿ, ಚನ್ನರಾಯಪಟ್ಟಣದ ಹೊತ್ತಿಗೆ ಡ್ರೈವರ್ ತೂಕಡಿಸಲು ಶುರು ಮಾಡುತ್ತಾನೆ.